ಐದು ಐವತ್ತರ ರೈಲು

ಕೆಂಪರಾಜುವಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ, ಹಿಲ್‌ಲೈನ್ ರೈಲು ಬಂದರೆ ಸಾಕು ಎಂದು ಅವನ ಹೆಂಡತಿ ವೆಂಕಟಮ್ಮ ಹೇಳುತ್ತಿದ್ದಳು. ರೈಲು ಬಾರದಿದ್ದರೂ ಸಿಟ್ಟು ಬರುತ್ತಿತ್ತು, ಅದು ಬೇರೆ ಮಾತು. ವಾರಕ್ಕೆ ಐದು ದಿನ ಬೆಳಗಿನ ಜಾವ ಸ್ಯಾನ್ ರಮೋನ್ ಸ್ಟೇಷನ್ನಿನಲ್ಲಿ, ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಫೋನು ಹಿಡಿದ ಐವತ್ತಾರರ ಗಂಡಸೊಬ್ಬ ಬೋರ್ಡಿನ ಕಡೆ ನೋಡಿ ಅಚ್ಚ ಮಂಡ್ಯದ ಕನ್ನಡದಲ್ಲಿ ಬೈಯುತ್ತಿದ್ದರೆ ಅವನೇ ಕೆಂಪರಾಜು. ಸುತ್ತ ನಿಂತವರಿಗೆ ಭಾಷೆ ಬರುತ್ತಿರಲಿಲ್ಲ; ಅರ್ಥ ಮಾತ್ರ ಎಲ್ಲರಿಗೂ ಆಗುತ್ತಿತ್ತು.

ಹಿಲ್‌ಲೈನ್ ಎಂದರೆ ಸ್ಯಾನ್ ರಮೋನ್‌ನಿಂದ ಹೊರಟು, 680 ಫ್ರೀವೇಯ ಮಗ್ಗುಲಲ್ಲೇ ಗುಡ್ಡ ಇಳಿದು, ಕ್ಯಾಂಪ್‌ಬೆಲ್ ಸೇರುವ ರೈಲು. ಹಳಿ, ಸ್ಟೇಷನ್ನು ಎಲ್ಲವೂ ಒಂದು ಸರ್ಕಾರಿ ರೈಲು ಮಂಡಳಿಯವು. ಓಡಿಸುವ ಗುತ್ತಿಗೆಯನ್ನು ಮಾತ್ರ ಟೆಂಡರು ಕರೆದು ಖಾಸಗಿ ಕಂಪನಿಗೆ ಕೊಡುತ್ತಿದ್ದರು. ಅದನ್ನು ಹಿಡಿದಿದ್ದ ಕಂಪನಿಯ ಹೆಸರು ಕ್ರೆಸ್ಟ್‌ಮೋರ್. ಅವರ ರೈಲಿನಲ್ಲಿ ಮೂರನೇ ಬೋಗಿಯ ಬಾಗಿಲು ಎರಡು ವರ್ಷದಿಂದ ತೆರೆದದ್ದಿಲ್ಲ. ಚಳಿಗಾಲಕ್ಕೆ ಏಸಿ, ಬೇಸಿಗೆಗೆ ಹೀಟರು. ಟಾಯ್ಲೆಟ್ಟಿನ ಬಾಗಿಲಿಗೆ ಅಂಟಿಸಿದ್ದ ‘ರಿಪೇರಿಯಲ್ಲಿದೆ’ ಚೀಟಿ ಹಳದಿಯಾಗಿ ಹರಿದು, ಅದರ ಮೇಲೆ ಹೊಸ ಚೀಟಿ ಅಂಟಿಸಿದ್ದರು. ಅದೇ ವರ್ಷ ಬೋಗಿಗಳಿಗೆಲ್ಲ ಹೊಸ ಲೋಗೋ ಬಂತು, ಕಂಡಕ್ಟರುಗಳಿಗೆ ನೇರಳೆ ಬಣ್ಣದ ಟೈ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ರೈಲು ತಡವಾದಾಗಲೆಲ್ಲ ಕೆಂಪರಾಜು ಕಂಪನಿಗೆ ಒಂದು ಈಮೇಲು ಬರೆಯುತ್ತಿದ್ದ. ಅಂದರೆ ಹೆಚ್ಚುಕಡಿಮೆ ದಿನವೂ ಬರೆಯುತ್ತಿದ್ದ. ಮರುನಿಮಿಷವೇ ಉತ್ತರ ಬರುತ್ತಿತ್ತು: ನಿಮ್ಮ ಅನಿಸಿಕೆ ನಮಗೆ ಅಮೂಲ್ಯವಾದುದು. ಮೂರು ವರ್ಷ ಅದೇ ಉತ್ತರ, ಅದೇ ಪೂರ್ಣವಿರಾಮ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತಿತ್ತು.

ಇಷ್ಟು ಸಿಟ್ಟಿದ್ದರೆ ಕಾರಿನಲ್ಲಿ ಹೋಗಬಹುದಲ್ಲ ಎಂದು ಕನ್ನಡ ಬಳಗದವರು ಕೇಳುತ್ತಿದ್ದರು. ಮನೆ ಮುಂದೆ ಕಾರಿತ್ತು. ಕೆಂಪರಾಜು ಗಂಭೀರವಾಗಿ, "ಪರಿಸರ ಸಾ, ಪರಿಸರ. ನಾವೇ ಹೊಗೆ ಬುಟ್ರೆ ಮಕ್ಳಿಗೇನ್ ಉಳೀತದೆ?" ಎನ್ನುತ್ತಿದ್ದ. ಜನ ಅದನ್ನು ನಂಬಿದ್ದಷ್ಟೇ ಅಲ್ಲ, ಒಂದು ಯುಗಾದಿಗೆ ಅವನನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ‘ಹಸಿರು ಪ್ರಯಾಣಿಕ’ ಎಂದು ಸನ್ಮಾನವನ್ನೂ ಮಾಡಿಬಿಟ್ಟರು. ಪೇಟ ತಲೆಗೆ ಬಿಗಿಯಾಗಿತ್ತು. ಅವನು ಹಲ್ಲುಕಚ್ಚಿಕೊಂಡು ಫೋಟೋಕ್ಕೆ ನಿಂತ.

ನಿಜ ಬೇರೆ ಇತ್ತು. ಮೂರು ವರ್ಷದ ಹಿಂದೆ ಒಂದು ಶನಿವಾರ ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಕೀ ತೆಗೆಯುವ ಹೊತ್ತಿಗೆ ಅವನಿಗೆ ಫಿಟ್ಸ್ ಬಂತು. ಪಕ್ಕದಲ್ಲಿ ವೆಂಕಟಮ್ಮ ಇದ್ದಳು. ಆಮೇಲೆ ಮಾತ್ರೆ ಹೊಂದುವಷ್ಟರಲ್ಲಿ ಇನ್ನೆರಡು ಸಲ ಬಂತು. ಡಾಕ್ಟರು ಕಾನೂನಿನಂತೆ ಸರ್ಕಾರಕ್ಕೆ ಬರೆದರು, ಕಾರಿನ ಲೈಸೆನ್ಸು ಹೋಯಿತು. ಗಂಡ ಹೆಂಡತಿ ಇಬ್ಬರನ್ನು ಬಿಟ್ಟು ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಕೆಂಪರಾಜುವಿನ ಅಕ್ಕ ದೊಡ್ಡತಾಯಮ್ಮನಿಗೂ ಇದೇ ಕಾಯಿಲೆ ಇತ್ತು. ಅವಳು ಬಿದ್ದಾಗ ಊರಿನವರು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟು, ದೂರ ನಿಂತು ನೋಡುತ್ತಿದ್ದದ್ದನ್ನು ಅವನು ಚಿಕ್ಕಂದಿನಲ್ಲಿ ಕಂಡಿದ್ದ. ಅವಳ ತಟ್ಟೆ ಲೋಟವನ್ನು ಬೇರೆ ಇಟ್ಟಿದ್ದರು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ನಲವತ್ತೊಂದಕ್ಕೆ ಅವಳು ಸತ್ತಾಗ ಎಲ್ಲರೂ ‘ಅಯ್ಯೋ ಪಾಪ’ ಎಂದರು. ಆ ಎರಡು ಪದಗಳನ್ನು ಕಂಡರೆ ಕೆಂಪರಾಜುವಿಗೆ ಕ್ರೆಸ್ಟ್‌ಮೋರ್‌ಗಿಂತ ಹೆಚ್ಚಿನ ದ್ವೇಷವಿತ್ತು.

ಹಾಗಾಗಿ ಆ ದರಿದ್ರ ರೈಲೇ ಅವನ ಕಾಲು. ಕ್ಯಾಂಪ್‌ಬೆಲ್‌ನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೆಲಸ. ಏಳಕ್ಕೆ ಸರಿಯಾಗಿ ಯಂತ್ರದ ಮುಂದೆ ಇರಬೇಕು. ಐದು ಐವತ್ತರ ರೈಲು ಬಿಟ್ಟರೆ ಮುಂದಿನದು ಏಳೂ ಇಪ್ಪತ್ತಕ್ಕೆ. ವೆಂಕಟಮ್ಮ ಬಿಟ್ಟು ಬರೋಣವೆಂದರೆ ಅವಳು ಸ್ಯಾನ್ ರಮೋನ್‌ನ ಡೇಕೇರಿನಲ್ಲಿ ಆರೂವರೆಗೆ ಬಾಗಿಲು ತೆಗೆಯುವವಳು. ದಿನಾ ಟ್ಯಾಕ್ಸಿ ಹಿಡಿದರೆ ಸಂಬಳ ಅದಕ್ಕೇ ಸರಿಹೋಗುತ್ತಿತ್ತು. ಬೈಯುತ್ತಲೇ ಹತ್ತುತ್ತಿದ್ದ, ಬೈಯುತ್ತಲೇ ಇಳಿಯುತ್ತಿದ್ದ, ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಹೀಗಿರುವಾಗ ಟೆಂಡರಿನ ಕಾಲ ಬಂತು. ಕ್ರೆಸ್ಟ್‌ಮೋರ್ ಎದುರಿಗೆ ಬ್ಲೂ ಹೆರಾನ್ ಎಂಬ ಇನ್ನೊಂದು ಕಂಪನಿ ನಿಂತಿತು. ಅದೂ ಸಾಚಾ ಏನಲ್ಲ, ಬೇರೆ ಊರಿನಲ್ಲಿ ಅದರ ರೈಲು ಹತ್ತುವವರೂ ಬೈಯುತ್ತಾರೆ ಎಂದು ಕೆಂಪರಾಜು ಓದಿಕೊಂಡಿದ್ದ. ಈ ಸಲ ನೂರು ಅಂಕದಲ್ಲಿ ಇಪ್ಪತ್ತು ಅಂಕ ಪ್ರಯಾಣಿಕರ ಅಭಿಪ್ರಾಯಕ್ಕೆ ಎಂದು ಮಂಡಳಿ ಹೇಳಿತು. ಆಯಾ ಕಂಪನಿಯೇ ತನ್ನ ರೈಲು ಹತ್ತುವವರಿಂದ ಅದನ್ನು ಸಂಗ್ರಹಿಸಿ ಕೊಡಬೇಕು, ಅದಕ್ಕೊಂದು ಫಾರಂ. ಒಂದರಿಂದ ಐದರವರೆಗೆ ಸ್ಟಾರು ಕೊಡಬೇಕು. ಕೆಂಪರಾಜು ಇದಕ್ಕಾಗಿ ಮೂರು ವರ್ಷ ಕಾದಿದ್ದ. ಏನು ಬರೆಯಬೇಕೆಂಬುದನ್ನು ರೈಲಿನಲ್ಲಿ ಕೂತು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡ.

ಅಷ್ಟರಲ್ಲಿ ಪದ್ಮಜಾ ಅವರ ಫೋನು ಬಂತು.

ಪದ್ಮಜಾ ಮತ್ತು ಅವರ ಯಜಮಾನರು ದ್ವಾರಕಾನಾಥ ಇರುವುದು ಸರಟೋಗಾದಲ್ಲಿ. ಬೆಂಗಳೂರು ಬಸವನಗುಡಿಯವರು, ಬಳಗದ ಹಿರಿಯರು. ವೆಂಕಟಮ್ಮನಿಗೆ ಆಪರೇಷನ್ ಆದಾಗ ಒಂದು ತಿಂಗಳು ಊಟ ಕಳಿಸಿದ್ದ ಮನೆ ಅದು. ಕೆಂಪರಾಜು ಅವರೆದುರು ಕಾಲ ಮೇಲೆ ಕಾಲು ಹಾಕಿ ಕೂರುತ್ತಿರಲಿಲ್ಲ.

"ಅಣ್ಣಾ, ನಮ್ಮ ಮಗಳು ನಿಹಾರಿಕಾ ಗೊತ್ತಲ್ಲ? ಕ್ರೆಸ್ಟ್‌ಮೋರ್‌ನಲ್ಲಿ ಕೆಲಸ ಸಿಕ್ಕಿದೆ. ಇದು ಅವಳ ಮೊದಲನೇ ಪ್ರಾಜೆಕ್ಟು, ಅದೇ ಈ ಸರ್ವೆ. ಇವರು ವಾಟ್ಸಾಪ್ ಗ್ರೂಪಿಗೂ ಹಾಕಿದಾರೆ. ನೀವೊಂದು ಐದು ಸ್ಟಾರ್ ಹಾಕ್ಬಿಡಿ. ಮನೆ ಮಗು ಅಲ್ವಾ!"

ಕೆಂಪರಾಜು "ಅದಕ್ಕೇನಮ್ಮ, ಹಾಕವ" ಎಂದ. ಅವರು ಫೋನು ಇಡದೆ, "ಈಗಲೇ ಹಾಕ್ಬಿಡಿ ಅಣ್ಣ, ಎರಡೇ ನಿಮಿಷ" ಎಂದರು. ಆ ಕಡೆ ಅವರು ಕಾಯುತ್ತಿದ್ದರು, ಈ ಕಡೆ ಅವನು ಒತ್ತುತ್ತಿದ್ದ. ಸಮಯಪಾಲನೆ, ಐದು. ಸ್ವಚ್ಛತೆ, ಐದು. ಬೇಕಿದ್ದರೆ ತುಂಬಿ ಎಂದಿದ್ದ ಪ್ರಯಾಣದ ಪ್ರಶ್ನೆಗೆ ಮಾತ್ರ ನಿಜ ಬರೆದ: ಮೂರು ವರ್ಷದಿಂದ ನಿತ್ಯ, ಸ್ಯಾನ್ ರಮೋನ್. ಕೊನೆಯಲ್ಲಿ ಎರಡು ಮಾತು ಬರೆಯದಿದ್ದರೆ ಫಾರಂ ಮುಂದಕ್ಕೆ ಹೋಗುತ್ತಿರಲಿಲ್ಲ. ‘ಸೇವೆ ಅತ್ಯುತ್ತಮ, ತುಂಬಾ ಸಂತೋಷ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ದಾಕ್ಷಿಣ್ಯಕ್ಕೆ ಬಸಿರಾಗುವುದು ಎನ್ನುತ್ತಾರಲ್ಲ, ಅದು ಹೀಗೇ ಆಗುವುದು.

ಆ ಒಂದು ವಾರದಲ್ಲಿ ಬಳಗದ ನಾನೂರು ಚಿಲ್ಲರೆ ಜನ ಐದು ಸ್ಟಾರು ಒತ್ತಿದರು. ಅವರಲ್ಲಿ ಹೆಚ್ಚಿನವರು ಹಿಲ್‌ಲೈನ್ ಹತ್ತುವುದಿರಲಿ, ಅದರ ಸ್ಟೇಷನ್ನು ಎಲ್ಲಿದೆ ಎಂಬುದನ್ನೂ ಕಂಡವರಲ್ಲ. ಒಬ್ಬರಂತೂ ಡೆಟ್ರಾಯಿಟ್‌ನಲ್ಲಿರುವ ತಮ್ಮನ ಕೈಯಲ್ಲೂ ಒತ್ತಿಸಿ, ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ನಮ್ಮ ಹುಡುಗಿ, ಮುಂದೆ ಬರಲಿ ಎಂಬ ಆಸೆ ಅಷ್ಟೆ.

ಮೂರು ವಾರದ ಮೇಲೆ ಎರಡೂ ಕಂಪನಿಗಳ ಟೆಂಡರನ್ನು ಮಂಡಳಿ ಜನರ ಮುಂದಿಟ್ಟಿತು. ಕೆಂಪರಾಜು ರೈಲಿನಲ್ಲಿ ಕೂತೇ ಓದಿದ. ಗುತ್ತಿಗೆ ಮತ್ತೆ ಸಿಕ್ಕಿದರೆ ಕ್ರೆಸ್ಟ್‌ಮೋರ್ ಜನವರಿಯಿಂದ ಐದು ಐವತ್ತರ ರೈಲನ್ನು ನಿಲ್ಲಿಸುತ್ತದೆ. ಆ ಹೊತ್ತಿಗೆ ಜನ ಕಡಿಮೆ ಎಂಬುದು ಕಾರಣ. ಬ್ಲೂ ಹೆರಾನ್ ಅದನ್ನು ಉಳಿಸುತ್ತದೆ. ಬೇರೆ ಎಲ್ಲದರಲ್ಲೂ ಇಬ್ಬರೂ ಸರಿಸುಮಾರು ಸಮಸಮ. ಪ್ರಯಾಣಿಕರ ಅಭಿಪ್ರಾಯದಲ್ಲಿ ಮಾತ್ರ ಕ್ರೆಸ್ಟ್‌ಮೋರ್ ಐದು ಅಂಕ ಮುಂದಿತ್ತು.  ನನ್ನ ಫಾರಂ ವಾಪಸು ಕೊಡಿ ಎಂದು ಅಲ್ಲೇ ಈಮೇಲು ಬರೆದ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯವಾದುದು ಎಂದು ಉತ್ತರ ಬಂತು.

ಸಂಜೆ ದ್ವಾರಕಾನಾಥರಿಗೆ ಫೋನು ಮಾಡಿದ. "ಸಾ, ಆ ಬೆಳಗಿನ ರೈಲು ನಿಲ್ಲುಸ್ತಾರಂತೆ. ಗ್ರೂಪ್ನೋರ್ ಕೈಲಿ ಒಂದ್ ಮಾತು ಮಂಡ್ಲಿಗೆ ಬರೆಸ್ಬೋದಾ? ನಾವ್ಯಾರೂ ನೋಡ್ದೇ ಹಾಕುದ್ವು ಅಂತ."

ದ್ವಾರಕಾನಾಥರು ನಕ್ಕರು. "ಏನ್ರೀ ಕೆಂಪರಾಜು, ಒಂದು ಟ್ರೇನ್ ಹೋದ್ರೆ ಏನಾಯ್ತು? ಡ್ರೈವ್ ಮಾಡಿ. ನಿಮ್ಮೊಬ್ಬರಿಂದ ಭೂಮಿ ಏನೂ ಬಿಸಿಯಾಗಲ್ಲ. ಹುಡುಗಿ ಕೆರಿಯರ್ ಪ್ರಶ್ನೆ, ಹಾಗೆಲ್ಲ ಬರೆಸೋಕಾಗತ್ತಾ?"

ಹೇಳುವುದಿದ್ದರೆ ಅದೇ ಹೊತ್ತು.  "ಆಯ್ತು ಬುಡಿ ಸಾ" ಎಂದು ಫೋನಿಟ್ಟ. ವೆಂಕಟಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ರೈಲಿಗೆ ಬಯ್ಯಕ್ಕೆ ಬಾಯಿ ಐತೆ, ಇದಕ್ಕಿಲ್ವಾ?" ಎಂದಳು. ಅವನು ಅವಳ ಮೇಲೂ ಹರಿಹಾಯ್ದ. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಗುತ್ತಿಗೆಯನ್ನು ತೀರ್ಮಾನಿಸುವ ಸಭೆ ನವೆಂಬರಿನ ಒಂದು ಗುರುವಾರ ಸಂಜೆ ಕ್ಯಾಂಪ್‌ಬೆಲ್‌ನಲ್ಲಿ ನಡೆಯಿತು. ಕೆಂಪರಾಜು ಲ್ಯಾಬಿನಿಂದ ನೇರ ಅಲ್ಲಿಗೇ ಹೋದ. ಮುಂದಿನ ಸಾಲಿನಲ್ಲಿ ದ್ವಾರಕಾನಾಥರು ಕೋಟು ಹಾಕಿ ಕೂತಿದ್ದರು. ಪಕ್ಕದಲ್ಲಿ ಪದ್ಮಜಾ ರೇಷ್ಮೆ ಸೀರೆಯುಟ್ಟು, ಮಗಳು ಮಾತಾಡುವುದನ್ನು ಹಿಡಿಯಲು ಫೋನು ಎತ್ತಿಕೊಂಡಿದ್ದರು. ಅವನನ್ನು ಕಂಡು ಇಬ್ಬರೂ ಪ್ರೀತಿಯಿಂದ ಕೈಬೀಸಿದರು. ತಮ್ಮ ಹುಡುಗಿಗೆ ಚಪ್ಪಾಳೆ ತಟ್ಟಲು ಬಂದಿದ್ದಾನೆ ಎಂದುಕೊಂಡರು.

ನಿಹಾರಿಕಾ ಚೆನ್ನಾಗಿಯೇ ಮಾತಾಡಿದಳು. ಇಪ್ಪತ್ಮೂರರ ಹುಡುಗಿ, ಧ್ವನಿಯಲ್ಲಿ ಸ್ವಲ್ಪವೂ ನಡುಕವಿಲ್ಲ. ಐದರಲ್ಲಿ ನಾಲ್ಕು ಪಾಯಿಂಟ್ ಆರು ಎಂದಳು. ಪರದೆಯ ಮೇಲೆ ದಪ್ಪ ಅಂಕಿ ಬಂತು. ಅದರ ಕೆಳಗೆ ಒಂದು ಸಾಲು: ‘ಸೇವೆ ಅತ್ಯುತ್ತಮ, ತುಂಬಾ ಸಂತೋಷ. ಮೂರು ವರ್ಷದಿಂದ ನಿತ್ಯ ಪ್ರಯಾಣಿಕ, ಸ್ಯಾನ್ ರಮೋನ್.’

ಕೆಂಪರಾಜುವಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ನಾನೂರು ಜನರ ಸುಳ್ಳಿನಲ್ಲಿ ಕಂಪನಿಯವರು ಹೆಕ್ಕಿ ತೆಗೆದು ತೋರಿಸಿದ್ದು ಅವನದನ್ನೇ, ಏಕೆಂದರೆ ಆ ನಾನೂರರಲ್ಲಿ ನಿತ್ಯ ಈ ರೈಲು ಹತ್ತುವವನು ಅವನೊಬ್ಬನೇ.

ಸಾರ್ವಜನಿಕರು ಮಾತಾಡಬಹುದು, ತಲಾ ಎರಡು ನಿಮಿಷ ಎಂದರು. ಅವನು ಎದ್ದು ಮೈಕಿನ ಮುಂದೆ ಹೋದ. ಇಂಗ್ಲಿಷಿನಲ್ಲೇ ಹೇಳಿದ, ಆದರೆ ಸಿಟ್ಟಿಗೆ ಅದು ಮಂಡ್ಯದ ಇಂಗ್ಲಿಷಾಗಿತ್ತು.

"ಆ ಪರದೆ ಮೇಲಿರೋ ಮಾತು ನನ್ನದು. ಸುಳ್ಳು. ಈ ರೈಲು ಹೊಲಸು, ಇದನ್ನು ಓಡಿಸುವವರಿಗೆ ನಾಚಿಕೆಯಿಲ್ಲ. ಬೇಕಾದವರು ಕೇಳಿದರು ಅಂತ ಐದು ಹಾಕಿದೆ. ನನ್ನ ಹಾಗೆ ನಾನೂರು ಜನ ಹಾಕಿದ್ದಾರೆ, ಅವರು ಈ ರೈಲನ್ನು ಕಣ್ಣಲ್ಲೂ ಕಂಡಿಲ್ಲ. ಬೆಳಗಿನ ರೈಲು ನಿಂತರೆ ನಾನು ಕೆಲಸಕ್ಕೆ ಹೋಗುವ ಹಾಗಿಲ್ಲ. ನನಗೆ ಫಿಟ್ಸ್ ಬರುತ್ತದೆ. ಕಾರು ಓಡಿಸುವ ಹಾಗಿಲ್ಲ. ಪರಿಸರ ಗಿರಿಸರ ಎಲ್ಲ ಸುಳ್ಳು."

ಕೊನೆಯ ಮಾತು ಮಂಡಳಿಯವರಿಗೆ ತಿಳಿಯಲಿಲ್ಲ, ಮುಂದಿನ ಸಾಲಿಗೆ ತಿಳಿಯಿತು. ಪದ್ಮಜಾ ಅವರ ಫೋನು ಮೆಲ್ಲಗೆ ಕೆಳಗಿಳಿಯಿತು.

ಮಂಡಳಿಯ ಒಬ್ಬ ಹೆಂಗಸು ನಿಹಾರಿಕಾಳನ್ನು ಕೇಳಿದರು: ಫಾರಂ ತುಂಬಿದವರಲ್ಲಿ ಈ ರೈಲಿನಲ್ಲಿ ಓಡಾಡುವವರು ಎಷ್ಟು? ಹುಡುಗಿ ಕಾಗದ ತಿರುವಿದಳು. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದು ಇರಲಿಲ್ಲ, ನೂರಕ್ಕೆ ಹನ್ನೊಂದು ಜನ ಉತ್ತರಿಸಿದ್ದಾರೆ ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಸುತ್ತಿಗೆ ಕುಟ್ಟಿ, ಸರ್ವೆಯ ಅವಧಿ ಮುಗಿದಿದೆ, ನಿಯಮದ ಪ್ರಕಾರ ಈಗ ಅದನ್ನು ಬದಲಿಸುವಂತಿಲ್ಲ, ತಮ್ಮ ಕಷ್ಟ ಹೇಳಿಕೊಂಡದ್ದಕ್ಕೆ ಧನ್ಯವಾದ ಎಂದರು. ಆಮೇಲೆ ಮಂಡಳಿಯವರು ಕೈ ಎತ್ತಿದರು. ನಾಲ್ಕಕ್ಕೆ ಮೂರು. ಗುತ್ತಿಗೆ ಕ್ರೆಸ್ಟ್‌ಮೋರ್‌ಗೇ ಹೋಯಿತು.

ಹೊರಗೆ ಪಡಸಾಲೆಯಲ್ಲಿ ದ್ವಾರಕಾನಾಥರು ಅಡ್ಡ ಬಂದರು. ಮುಖ ಕೆಂಪೇರಿತ್ತು. "ನಮ್ಮ ಹುಡುಗಿ ಎದ್ದು ನಿಂತ ದಿನವೇ ಮಾಡ್ಬೇಕಿತ್ತೇನ್ರೀ ಇದನ್ನ? ಎಲ್ಲರ ಎದುರಿಗೆ ನಮ್ಮನ್ನೆಲ್ಲ ಸುಳ್ಳರು ಅಂದ್ರಲ್ಲ!"

"ನೀವು ಒಂದಿನಾನಾದ್ರೂ ಆ ರೈಲ್ ಹತ್ತಿದ್ರಾ ಸಾ?"

"ಅದಲ್ಲ ಪ್ರಶ್ನೆ."

"ಅದೇ ಸಾ ಪ್ರಶ್ನೆ. ಆ ಫಾರಮ್ಮಲ್ಲಿ ಕೇಳ್ಬೇಕಾಗಿದ್ದು ಅದೊಂದೇ."

ಪದ್ಮಜಾ ಹತ್ತಿರ ಬಂದು ಅವನ ತೋಳು ಮುಟ್ಟಿದರು. ಕಣ್ಣಲ್ಲಿ ನೀರಿತ್ತು. "ಅಯ್ಯೋ ಪಾಪ, ಅಣ್ಣ, ಹೀಗಿದೆ ಅಂತ ಒಂದು ಮಾತು ಹೇಳಿದ್ದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲವಲ್ಲ" ಎಂದರು. ಒಂದು ತಿಂಗಳು ಅನ್ನ ಹಾಕಿದ ಕೈ ಅದು, ಅವನಿಗೆ ಗೊತ್ತಿತ್ತು. ಆದರೂ ಅದನ್ನು ತಳ್ಳಿಬಿಡಬೇಕೆನ್ನಿಸಿತು. ತೋಳು ಬಿಡಿಸಿಕೊಂಡು ಸ್ಟೇಷನ್ನಿನ ಕಡೆ ನಡೆದ. ಆ ಮನೆಯ ಹೊಸ್ತಿಲನ್ನು ಅವನು ಮತ್ತೆ ತುಳಿದಿಲ್ಲ, ಅವರೂ ಕರೆದಿಲ್ಲ.

ಪ್ಲಾಟ್‌ಫಾರಮ್ಮಿನಲ್ಲಿ ರೈಲು ಹದಿನೆಂಟು ನಿಮಿಷ ತಡ ಎಂದು ಬೋರ್ಡು ತೋರಿಸುತ್ತಿತ್ತು. ಅವನು ಬಾಯಿ ತುಂಬ ಬೈಯುತ್ತ ಬೆಂಚಿನ ಮೇಲೆ ಕೂತ. ಹಿಂದಿನಿಂದ ಯಾರೋ ಓಡಿ ಬಂದ ಸದ್ದಾಯಿತು. ನಿಹಾರಿಕಾ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಇವಳೂ ಜಗಳಕ್ಕೇ ಬಂದಳು ಎಂದುಕೊಂಡ.

"ಅಂಕಲ್, ನೀವು ಯಾಕೆ ಫೈವ್ ಕೊಟ್ರಿ?"

"ನಿಮ್ಮಮ್ಮ ಕೇಳುದ್ರು ಕಣವ್ವ."

"ಅಮ್ಮ ಕಾಲ್ ಮಾಡಿದ್ರಾ?" ಹುಡುಗಿ ಅವನನ್ನೇ ದಿಟ್ಟಿಸಿದಳು. "ಎಲ್ರಿಗೂನಾ?"

"ಎಲ್ರಿಗೂ. ನಿಮ್ಮಪ್ಪ ಗ್ರೂಪಿಗೂ ಹಾಕುದ್ರು. ನಿಂಗೊತ್ತಿರ್ನಿಲ್ವಾ?"

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.  ಆಮೇಲೆ ಇಂಗ್ಲಿಷು ಕನ್ನಡ ಎರಡನ್ನೂ ಕಲಸಿ ಹೇಳಿದಳು: "ನಾನು ಯಾರನ್ನೂ ಕೇಳಿರ್ಲಿಲ್ಲ ಅಂಕಲ್. ಆ ನಂಬರ್ಸ್ ರಿಯಲ್ ಅಂತ ನಂಬಿದ್ದೆ, ಐ ವಾಸ್ ಸೋ ಪ್ರೌಡ್. ನೀವೆಲ್ಲ ಒನ್ ಕೊಟ್ಟಿದ್ರೆ ನಾನು ಒನ್ನೇ ತೋರಿಸ್ತಿದ್ದೆ. ದಟ್ ವಾಸ್ ಮೈ ಜಾಬ್."

ಮೂರು ವರ್ಷ ಕೆಂಪರಾಜು ಕಂಡಕಂಡವರಿಗೆಲ್ಲ ಉತ್ತರ ಕೊಟ್ಟಿದ್ದ. ಕಂಪನಿಗೆ ಬೈದ, ಮಂಡಳಿಗೆ ಬೈದ, ದ್ವಾರಕಾನಾಥರಿಗೆ ಎದುರುತ್ತರ ಕೊಟ್ಟ. ಸತ್ಯ ಕೇಳಲೆಂದೇ ಕೂತಿದ್ದವಳು ಇವಳೊಬ್ಬಳೇ, ಅವಳಿಗೆ ಮಾತ್ರ ಅವನು ಸುಳ್ಳು ಬರೆದು ಕೊಟ್ಟಿದ್ದ. ರೈಲು ಬಂದಾಗ ಅವಳಿಗೆ ಏನಾದರೂ ಹೇಳಬೇಕೆಂದು ತಿರುಗಿದ. ಅವಳು ಆಗಲೇ ಸ್ಟೇಷನ್ನಿನಿಂದ ಹೊರಹೋಗುವ ಮೆಟ್ಟಿಲು ಹತ್ತುತ್ತಿದ್ದಳು.

ಜನವರಿ ಮೂರನೇ ತಾರೀಖು ಐದು ಐವತ್ತರ ರೈಲು ನಿಂತಿತು. ಲ್ಯಾಬಿನವರು ಪಾಳಿ ಬದಲಿಸಲು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ, ಈ ಕಾಯಿಲೆಯಲ್ಲಿ ಬೇರೆ ಕೆಲಸ ಹುಡುಕುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ಕ್ಯಾಂಪ್‌ಬೆಲ್‌ನಲ್ಲಿ, ಲ್ಯಾಬಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬ ಮುದುಕಿಯ ಮನೆಯ ಹಿಂಭಾಗದ ಕೋಣೆಯನ್ನು ಬಾಡಿಗೆಗೆ ಹಿಡಿದ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ, ಶನಿವಾರ ಭಾನುವಾರ ಮನೆಯಲ್ಲಿ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಬೇರೆ ಬೇರೆ ಮನೆಯಲ್ಲಿ ಮಲಗಿದ್ದು ಅದೇ ಮೊದಲು.

ಮೊದಲ ಭಾನುವಾರ ಸಂಜೆ ವೆಂಕಟಮ್ಮನೇ ಕಾರಿನಲ್ಲಿ ಬಿಡಲು ಬಂದಳು. ಹಾಸಿಗೆ, ಕುಕ್ಕರು, ಎರಡು ಡಬ್ಬ ಸಾರಿನ ಪುಡಿ ಇಳಿಸಿದಳು. ಆಮೇಲೆ ಆ ಮುದುಕಿಯನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಡೇಕೇರಿನ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದಳು. ಬಿದ್ದರೆ ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ. ಹಿಡಿದು ಅದುಮಬೇಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಂಬುಲೆನ್ಸು ಕರೆಸಿ. ಬೆಳಿಗ್ಗೆ ಆರಕ್ಕೆ ದೀಪ ಕಾಣದಿದ್ದರೆ ಒಂದು ಸಲ ಬಂದು ನೋಡಿ. ಕೆಂಪರಾಜು ಸುರುಳಿ ಸುತ್ತಿದ ಹಾಸಿಗೆಯನ್ನು ತೋಳಲ್ಲಿ ಹಿಡಿದು, ತನ್ನ ಕಾಯಿಲೆಯ ವರದಿಯನ್ನು ಪರಕೀಯಳೊಬ್ಬಳು ತಲೆದೂಗುತ್ತ ಕೇಳುವುದನ್ನು ನೋಡುತ್ತ ನಿಂತ. 

ಹೊರಡುವಾಗ ವೆಂಕಟಮ್ಮ ಕಾರಿನ ಗಾಜು ಇಳಿಸಿದಳು. ಅಳಬಾರದೆಂದು ಗಟ್ಟಿ ಮಾಡಿಕೊಂಡ ಮುಖ.

"ರೀ, ಮಲಗೋವಾಗ ಬಾಗ್ಲಿಗೆ ಚಿಲ್ಕ ಹಾಕ್ಕಬ್ಯಾಡಿ" ಎಂದಳು. "ಒಡೆದು ಬರಕ್ಕೆ ಇಲ್ಲಿ ನಾನಿರಲ್ಲ."